ಮೇಜಿನ ಅಂಚಿಗೆ ಬಂದ ನೀರು

ಲೋಟ ಉರುಳಿದ ಮೇಲೂ ನೀರಿಗೆ ಅವಸರವಿರಲಿಲ್ಲ. ಅದು ಲೋಟದ ಬಾಯಲ್ಲಿ ಕೊಂಚ ನಿಂತು, ಹೊಸಿಲು ದಾಟಲೋ ಬೇಡವೋ ಎಂದು ಯೋಚಿಸುವವರಂತೆ ಹೊರಗೆ ಇಣುಕಿ, ಆಮೇಲೆ ಮೇಜಿನ ಮೇಲೆ ಸಾವಕಾಶವಾಗಿ ಹರಡಿಕೊಳ್ಳತೊಡಗಿತು. ಅದರ ಮುಂದಲೆಯಿಂದ ಹೊಗೆಯಷ್ಟು ನುಣ್ಣನೆಯ ತುಂತುರು ಎದ್ದಿತು. ಎದ್ದದ್ದು ಇಳಿಯುವುದನ್ನು ಮರೆತು ಅಲ್ಲೇ ತೇಲಿತು. ಕೊನೆಗೆ ಮೇಜಿನ ಅಂಚು ದಾಟಿ ಧುಮುಕಿದಾಗ, ನೆಲ ಎಲ್ಲೋ ಬಹಳ ಕೆಳಗೆ ಇದೆಯೆಂಬಂತೆ, ಬಿಳಿಯ ಎಳೆಗಳಾಗಿ ಬೀಳುತ್ತ, ಬೀಳುತ್ತ ಹೋಯಿತು. ಕತ್ತಲ ಕೋಣೆಯಲ್ಲಿ ಕೂತಿದ್ದ ನಾಲ್ಕೈದು ಜನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೆಚ್ಚಿಕೊಂಡಿದ್ದಾರೆ ಎಂದುಕೊಂಡ ಅವನು. ಬೆಳಗಿನಿಂದ ಅವನು ಅದನ್ನೇ ಮತ್ತೆ ಮತ್ತೆ ನೋಡಿದ್ದ. ನೋಡುವಾಗಲೆಲ್ಲ ಎದೆಯೊಳಗೆ ಏನೋ ಹಗುರವಾಗುತ್ತಿತ್ತು, ನಿದ್ದೆಯಲ್ಲಿ ಮೆಟ್ಟಿಲು ತಪ್ಪಿ ಬೀಳುವವನಿಗೆ ನೆಲ ಸಿಗದೇ ಹೋದಾಗ ಆಗುವ ಹಾಗೆ. ಪರದೆಯ ಮೇಲೆ ಇನ್ನೊಂದು ಸಂಗತಿಯೂ ಇತ್ತು. ಅದನ್ನು ಅವನು ನೋಡಿಯೂ ನೋಡಿರಲಿಲ್ಲ. ಮೇಜಿನ ಆಚೆ ಕೂತ ಅಪ್ಪ, ಸಿನಿಮಾದ ಅಪ್ಪ, ನೀರು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ತನ್ನ ಕಾಗದಗಳನ್ನು ಮೇಲೆತ್ತಿ ನಕ್ಕುಬಿಟ್ಟಿದ್ದ.

"ಚೆನ್ನಾಗಿದೆ ಸರ್," ಎಂದಳು ಮೇಲ್ವಿಚಾರಕಿ. ಆ 'ಸರ್' ಹಳೆಯದು. ಅವಳು ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಾಲದ್ದು. ಈಗ ಅವನ ಕೆಲಸಕ್ಕೆ ಸರಿ-ತಪ್ಪು ಹಾಕುವವಳು ಅವಳೇ ಆದರೂ ಆ ಪದವನ್ನು ಬಿಟ್ಟಿರಲಿಲ್ಲ. "ಚೆನ್ನಾಗಿದೆ, ಆದ್ರೆ ಇದು ಕನಸಲ್ಲಿ ಬೀಳೋ ನೀರು. ನೀರು ಬರೋಕೆ ಮುಂಚೆನೇ ಆ ಮನುಷ್ಯ ನಗ್ತಿದಾನೆ. ನೋಡೋರಿಗೆ ಅವನಿಗೆ ತಲೆ ಕೆಟ್ಟಿದೆ ಅನ್ಸುತ್ತೆ."

"ನಗು ಸ್ವಲ್ಪ ಹಿಂದಕ್ಕೆ ತಳ್ಳಿದ್ರೆ?"

"ನಗು ಶೂಟ್ ಆಗಿದೆ ಸರ್. ಅದನ್ನ ಮುಟ್ಟೋ ಹಾಗಿಲ್ಲ. ನೀರು ತಾನೇ ನಮ್ದು." ಆಮೇಲೆ, ದನಿ ತಗ್ಗಿಸಿ, ಉಳಿದವರಿಗೆ ಕೇಳದಿರಲಿ ಎಂದೋ ಕೇಳಲಿ ಎಂದೋ: "ಸೆಟ್ಟಿಂಗ್ ಎಲ್ಲ ಒಂದ್ಸಲ ನೋಡಿದ್ರಾ? ಮೊದಲಿಂದ?"

"ನಿಂಗೆ ಸೆಟ್ಟಿಂಗ್ ಹೇಳಿಕೊಟ್ಟೋನು ನಾನು," ಎಂದ ಅವನು. ನಗುತ್ತ ಹೇಳಬೇಕೆಂದಿದ್ದ ಮಾತು. ನಗು ಮಾತ್ರ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಸಿನಿಮಾಗಳಿಗೆ ಬೆಂಕಿ, ಹೊಗೆ ಮಾಡಿಕೊಡುವವನು ಕುರ್ಚಿಯನ್ನು ಕಿರುಗುಟ್ಟಿಸಿ ಹೇಳಿದ: "ಬಿಡಿ ಮೇಡಂ, ಸಮುದ್ರ ಈಜಿದೋರಿಗೆ ಲೋಟದಲ್ಲಿ ಮುಳುಗೋ ಯೋಗ ಇದ್ರೆ ಯಾರೇನ್ ಮಾಡೋಕಾಗುತ್ತೆ." ಎಲ್ಲರೂ ನಕ್ಕರು. ಅವನೂ ನಕ್ಕ. ಆಗ ಬಂತು ನಗು.

ಅವನಿಗೆ ಅಲ್ಲಿ ಕಡಲಪ್ಪ ಎಂದು ಹೆಸರು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವನಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಮುಳುಗುವ ಹಡಗು, ಒಡೆಯುವ ಅಣೆಕಟ್ಟು, ಊರಿನ ಮೇಲೆ ಎದ್ದುಬರುವ ಅಲೆ: ಸಿನಿಮಾದವರಿಗೆ ದೊಡ್ಡ ನೀರು ಬೇಕಾದಾಗಲೆಲ್ಲ ಕಂಪ್ಯೂಟರಿನೊಳಗೆ ಅದನ್ನು ಎಬ್ಬಿಸಿ ಕೊಟ್ಟವನು ಅವನು. ಈಗ ಸಮುದ್ರಗಳು ಸಿದ್ಧ ಉಡುಪಿನಂತೆ ಕೊಳ್ಳಲು ಸಿಗುತ್ತವೆ, ಒಗೆದು ಇಸ್ತ್ರಿ ಮಾಡಿ ಹಾಕಿಕೊಂಡರಾಯಿತು. ಎರಡು ವಾರದ ಹಿಂದೆ ಮೇಲ್ವಿಚಾರಕಿ ಅವನ ಮುಂದೆ ಈ ಶಾಟ್ ಇಟ್ಟಾಗ ಅವಳಿಗೇ ಸಂಕೋಚವಾಗಿತ್ತು. ಊಟದ ಮೇಜು. ಅಪ್ಪ ಲೆಕ್ಕಪತ್ರ ಹರಡಿಕೊಂಡು ಕೂತಿದ್ದಾನೆ. ಮಗಳು ಏನೋ ಹೇಳುತ್ತ ಕೈ ಬೀಸುತ್ತಾಳೆ, ಲೋಟಕ್ಕೆ ತಾಗುತ್ತದೆ, ನೀರು ಕಾಗದದ ಕಡೆ ಹರಿಯುತ್ತದೆ, ಅಪ್ಪ ಕಾಗದ ಎತ್ತಿಕೊಂಡು ನಗುತ್ತಾನೆ. ಚಿತ್ರೀಕರಣದಲ್ಲಿ ಲೋಟ ಖಾಲಿಯಿತ್ತು. ಆ ಹುಡುಗಿಗೆ ಇದ್ದದ್ದು ಒಂದೇ ಉಡುಪು, ಅದು ನೆನೆದರೆ ಇಡೀ ದಿನದ ಕೆಲಸ ನಿಲ್ಲುತ್ತಿತ್ತು. ಆದ್ದರಿಂದ ಖಾಲಿ ಮೇಜಿನ ಮೇಲೆ ಖಾಲಿ ಲೋಟ ಉರುಳಿತು, ಅಪ್ಪ ಏನೂ ಇಲ್ಲದ್ದಕ್ಕೆ ಹೆದರಿ ಏನೂ ಇಲ್ಲದ್ದಕ್ಕೆ ನಕ್ಕ. ನಡುವಿನ ನೀರನ್ನು ತುಂಬಿಸಬೇಕಾದವನು ಇವನು. 'ನೀರು ಕುಡಿದಷ್ಟು ಸುಲಭ' ಎಂದಿದ್ದ ಅವತ್ತು. ಇವತ್ತು ಸಂಜೆ ಕೊನೆಯ ಗಡುವು.

ತನ್ನ ಜಾಗಕ್ಕೆ ಬಂದು ಕೂತು ಅವನು ಮತ್ತೆ ಶುರುಮಾಡಿದ. ಈ ನೀರು ನೀರಲ್ಲ, ಮಣಿಗಳು, ಲಕ್ಷಗಟ್ಟಲೆ ಕಣಗಳು. ಪ್ರತಿ ಕಣವೂ ಹೆಜ್ಜೆ ಇಡುವ ಮೊದಲು ಸುತ್ತ ಕೈಯಳತೆಯಲ್ಲಿ ಯಾರ್ಯಾರು ಇದ್ದಾರೆಂದು ನೋಡಿಕೊಳ್ಳುತ್ತದೆ. ನೂಕುನುಗ್ಗಲಾಗಿದ್ದರೆ ದೂರ ತಳ್ಳುತ್ತದೆ, ಪಕ್ಕದವರು ಓಡುತ್ತಿದ್ದರೆ ತಾನೂ ಕೊಂಚ ಓಡುತ್ತದೆ. ತಾನು ನೀರು ಎಂಬುದು ಯಾವ ಕಣಕ್ಕೂ ಗೊತ್ತಿಲ್ಲ. ಲೆಕ್ಕ ಒಂದಿಷ್ಟು ತಪ್ಪಿದರೂ ಅವು ನೀರಾಗಿರುವುದನ್ನು ಬಿಟ್ಟು ಬೇರೇನೋ ಆಗುತ್ತವೆ. ಮೊದಲ ವಾರ ಲೋಟ ಅಲುಗುವ ಮುಂಚೆಯೇ ನೀರು ಬಾಣಲೆಯ ಸಾಸಿವೆಯಂತೆ ಸಿಡಿದು ಸೂರಿಗೆ ಹತ್ತಿತ್ತು. ಕಣಗಳನ್ನು ಲೋಟದಲ್ಲಿ ತೀರ ಒತ್ತೊತ್ತಾಗಿ ತುಂಬಿಬಿಟ್ಟಿದ್ದ. ಸಡಿಲ ಮಾಡಿದ. ಆಗ ಒಂದಷ್ಟು ಕಣಗಳು ಮೇಜಿನ ಹಲಗೆಯೊಳಗೇ ಇಳಿದು ಕಳ್ಳರಂತೆ ಕೆಳಗೆ ತೂರಿಹೋದವು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವಿನ ಕಾಲ ಹೆಚ್ಚಾಗಿತ್ತು, ಹಲಗೆ ಅಡ್ಡ ಬರುವುದರೊಳಗೆ ಅವು ದಾಟಿಬಿಟ್ಟಿದ್ದವು. ಹೆಜ್ಜೆ ಚಿಕ್ಕದು ಮಾಡಿದ. ಆಮೇಲೆ ನೀರು ನಡುಗಿತು, ನಿಂತಲ್ಲೇ ನಡುಗುತ್ತಿತ್ತು, ಯಾರೋ ಬೈದುಹೋದ ಮೇಲೆ ಮೂಲೆಯಲ್ಲಿ ನಿಂತ ಮಗುವಿನ ಗದ್ದದ ಹಾಗೆ. ನಡುಕ ನಿಲ್ಲಲೆಂದು ಮಂದತನ ಹೆಚ್ಚಿಸಿದಾಗ ಜೇನಾಯಿತು. ಕಡಿಮೆ ಮಾಡಿದಾಗ ಹೊಗೆ. ಈಗ ಇವತ್ತು, ಎಲ್ಲ ಹದಕ್ಕೆ ಬಂತು ಎನ್ನುವಾಗ, ಈ ನಿಧಾನ.

ವರ್ಷಗಳ ಹಿಂದೆ ಒಂದು ದಿನ, ಮನೆಯಲ್ಲಿ, ಹತ್ತಿಯ ಉಂಡೆಯನ್ನು ಬೆರಳಿಗೆ ಸುತ್ತಿ ಅವನು ಲ್ಯಾಪ್‌ಟಾಪಿನ ಒಂದು ಕೀಯನ್ನು ಒರೆಸುತ್ತಿದ್ದ. ಕೀ ಕೆಳಗಿನ ನೀರು ಕಣ್ಣಿಗೆ ಕಾಣುವುದಿಲ್ಲ, ಹತ್ತಿ ಭಾರವಾದಾಗ ತಿಳಿಯುತ್ತದೆ. ಮೇಜಿನ ಮೇಲೆ ಕಿತ್ತಿಟ್ಟ ಅಕ್ಷರಗಳು ಸಾಲಾಗಿ ಇದ್ದವು, ಉದುರಿದ ಹಾಲುಹಲ್ಲುಗಳಂತೆ. ಆ ಯಂತ್ರದೊಳಗೆ ಒಂದು ಸಮುದ್ರ ಇತ್ತು, ಇಡೀ ವಾರ ಹಗಲೂ ರಾತ್ರಿ ಲೆಕ್ಕ ಹಾಕುತ್ತಿದ್ದ ಸಮುದ್ರ, ಮತ್ತು ಮಗಳ ಕೈ ತಾಗಿ ಲೋಟ ಉರುಳಿ ಅದು ಒಂದು ಸಣ್ಣ ಚಿಟ್ ಸದ್ದಿನೊಂದಿಗೆ ಇಲ್ಲವಾಯಿತು. ಅವಳಿಗೆ ಆಗ ಆರು ವರ್ಷವಿರಬೇಕು. ಅವನ ಕೈ ಮೇಲೆದ್ದಿತ್ತು. ಮೇಲೆದ್ದ ಕೈಯನ್ನು ಅವನು ಕೆಳಗಿಳಿಸಿದ. ಹೊಡೆಯಲಿಲ್ಲ. ಬೈಯಲೂ ಇಲ್ಲ, ಒಂದು ಮಾತು ಆಡಲಿಲ್ಲ. ಇದನ್ನು ಅವನು ಎಷ್ಟೋ ಸಲ ನೆನೆದಿದ್ದ, ಬೇರೆ ಅಪ್ಪಂದಿರು ಮಕ್ಕಳಿಗೆ ಬಾರಿಸುವುದನ್ನು ಕಂಡಾಗ, ಅಥವಾ ತನ್ನ ಬಗ್ಗೆ ತನಗೇ ಏನಾದರೂ ಒಳ್ಳೆಯದು ನೆನಪಾಗಬೇಕಾದಾಗ. ಅವಳು ಬಾಗಿಲ ಹತ್ತಿರ ಒಂದು ಗಳಿಗೆ ನಿಂತಿದ್ದಳು. ಆಮೇಲೆ ಆಡಲು ಹೋಗಿರಬೇಕು.

"ಸರ್."

ಮೇಲ್ವಿಚಾರಕಿ ಅವನ ಕುರ್ಚಿಯ ಹಿಂದೆ ನಿಂತಿದ್ದಳು. ಪರದೆಯ ಮೇಲೆ ಅಪ್ಪ ಮತ್ತೆ ನಗುತ್ತಿದ್ದ.

"ಫಾಸ್ಟ್ ಮಾಡಿ ನೋಡಿದ್ರಾ?"

"ಮಾಡ್ದೆ. ಆಗ ತುಂತುರು ಎಲ್ಲ ಸೊಳ್ಳೆ ಹಿಂಡಿನ ಥರ ಕಾಣುತ್ತೆ."

"ಒಂದು ಕೆಲ್ಸ ಮಾಡಿ. ನಿಜವಾಗ್ಲೂ ಒಂದು ಲೋಟ ಚೆಲ್ಲಿ ಮೊಬೈಲಲ್ಲಿ ಹಿಡ್ಕೊಂಡು ಬನ್ನಿ. ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ಗೊತ್ತಾಗುತ್ತೆ." ಇದು ಅವರ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಬೆಕ್ಕು ಬೇಕಾದವನು ಬೆಕ್ಕನ್ನು ಹಿಡಿದು ತರುತ್ತಾನೆ, ಬೀಳುವ ಮನುಷ್ಯ ಬೇಕಾದವನು ಹಾಸಿಗೆ ಹಾಸಿಕೊಂಡು ತಾನೇ ಬೀಳುತ್ತಾನೆ. ನೀರಿನ ಸಲುವಾಗಿ ನೀರನ್ನು ನೋಡಬೇಕಾದ ಪ್ರಸಂಗ ಮಾತ್ರ ಅವನಿಗೆ ಬಹಳ ವರ್ಷದಿಂದ ಬಂದಿರಲಿಲ್ಲ. "ಇಲ್ಲಿ ಆಗಲ್ಲ," ಎಂದಳು ಅವಳು, "ಇಲ್ಲಿರೋದು ಕಾಗದದ ಲೋಟ. ಮನೆ ಹತ್ತಿರಾನೇ ಅಲ್ವಾ?" ಹೊರಟವಳು ತಿರುಗಿ ನಿಂತಳು. "ಸಂಜೆವರೆಗೂ ನಿಮ್ಮ ಹತ್ರಾನೇ ಇರ್ಲಿ ಶಾಟ್. ಆಗ್ಲಿಲ್ಲ ಅಂದ್ರೆ ಹೊಗೆಯವನಿಗೆ ಕೊಡ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು."

"ಬೇಜಾರೇನು ಬಂತು."

ಮನೆಗೆ ಹೋಗುವ ರಸ್ತೆ ಬಿಸಿಲಲ್ಲಿ ಅಲ್ಲಾಡುತ್ತಿತ್ತು. ಅಂಗಡಿಯವನೊಬ್ಬ ಬಕೆಟ್ಟಿನ ನೀರನ್ನು ಮೆಟ್ಟಿಲ ಮೇಲೆ ಎರಚಿದ. ಅದು ಹಾರಿ, ಬಿದ್ದು, ಹರಿದು, ಇವನು ಕಣ್ಣು ಹೊರಳಿಸುವುದರೊಳಗೆ ಚರಂಡಿ ಸೇರಿತ್ತು. ನಾಯಿಯೊಂದು ಮುರಿದ ಕೊಳಾಯಿಯ ಕೆಳಗೆ ನಾಲಿಗೆ ಚಾಚಿ ನಿಂತಿತ್ತು. ಎಲ್ಲೆಲ್ಲೂ ನೀರು ತನ್ನ ಪಾಡಿಗೆ ತಾನು ಸರಿಯಾಗಿ ಬೀಳುತ್ತಿತ್ತು, ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಅವನಿಗೆ ತಾನು ರಸ್ತೆಯಲ್ಲಿ ನಡೆಯುತ್ತಿರುವುದೂ ತೀರ ನಿಧಾನವೆನ್ನಿಸಿತು. ಕಾಲು ಎತ್ತಿದರೆ ಇಳಿಯಲು ಹೊತ್ತು ಹಿಡಿಯುತ್ತಿತ್ತು, ಎದುರಿನಿಂದ ಬಂದವರು ಅವನನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು, ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ. ಅವನ ಹೆಂಡತಿ ಒಮ್ಮೆ ಹೇಳಿದ್ದಳು: 'ನಿಮಗೆ ಎಲ್ಲ ತಡವಾಗಿ ತಲುಪುತ್ತೆ ರೀ. ಬೈದ್ರೆ ಮೂರು ದಿನಕ್ಕೆ ಕೋಪ ಬರುತ್ತೆ.' ಅವಳು ಈ ಹೊತ್ತಿಗೆ ಔಷಧದ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುತ್ತಿರುತ್ತಾಳೆ. ಮಗಳಿಗೆ ಇವತ್ತು ರಜೆ. ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ರಜೆಯ ದಿನ ಮಧ್ಯಾಹ್ನದವರೆಗೂ ಮಲಗಿ ಆಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಮನೆಯೆಲ್ಲ ಓಡಾಡುತ್ತಾಳೆ.

"ಅಪ್ಪ! ಇಷ್ಟೊತ್ತಿಗೆ? ಕೆಲ್ಸದಿಂದ ಕಿತ್ತಾಕಿದ್ರಾ?"

"ಇನ್ನೂ ಇಲ್ಲ. ಸಂಜೆವರೆಗೂ ಟೈಮ್ ಕೊಟ್ಟಿದಾರೆ. ಒಂದು ಲೋಟ ನೀರು ಕೊಡು ಪುಟ್ಟಿ."

ಅವಳು ಮೇಜಿನ ಮೇಲಿನ ಬಾಟಲಿಯನ್ನು ಅವನ ಕಡೆ ನೂಕಿದಳು.

"ಲೋಟದಲ್ಲಿ. ಕುಡಿಯೋಕಲ್ಲ, ಚೆಲ್ಲೋಕೆ."

ಸಿನಿಮಾ, ಮೇಜು, ಮಗಳು, ನಗುವ ಅಪ್ಪ ಎಲ್ಲ ಹೇಳಿದ. ಅವಳು ಟವೆಲ್ಲಿನ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸುತ್ತ ಕೇಳಿಸಿಕೊಂಡಳು. ಆಮೇಲೆ ಲೋಟ ಹುಡುಕುವುದೇ ಒಂದು ಕೆಲಸವಾಯಿತು. ಕಪಾಟಿನ ಕೆಳಗಿನ ಅಂಕಣದಲ್ಲಿ ಬಾಟಲಿಗಳಿದ್ದವು. ಮೂವರದೂ ಬೇರೆ ಬೇರೆ ಬಣ್ಣ, ಎಲ್ಲಕ್ಕೂ ಮುಚ್ಚಳ. ಮುಚ್ಚಳವಿರುವ ಜಗ್ಗು. ಮುಚ್ಚಳವಿರುವ, ಹೀರುಕೊಳವೆಯ ಮಗ್ಗು. ಗಾಜಿನ ಲೋಟಗಳು ತೀರ ಮೇಲೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದವು, ಪತ್ರಿಕೆ ಹಳದಿಯಾಗಿತ್ತು. ಸ್ಟೂಲಿನ ಮೇಲೆ ನಿಂತು, ಸುತ್ತಿದ ಕಾಗದ ಬಿಡಿಸುತ್ತ, ಈ ಮನೆಯಲ್ಲಿ ಯಾವಾಗಿನಿಂದಲೋ ಮೇಜಿನ ಮೇಲೆ ತೆರೆದ ನೀರು ಇಟ್ಟಿಲ್ಲ ಎಂಬುದು ಅವನ ಗಮನಕ್ಕೆ ಬಂತು. ಈಗಿನವರು ಬಾಟಲಿಯಲ್ಲೇ ಕುಡಿಯುತ್ತಾರೆ ಎಂದುಕೊಂಡಿದ್ದ. ಹೆಂಡತಿ ಒಂದು ದಿನ ಸಂತೆಯಿಂದ ಬಂದವಳಂತೆ ಚೀಲದ ತುಂಬ ಬಾಟಲಿ ತಂದಿದ್ದು ನೆನಪಾಯಿತು. ಅವನು ಆಗ ಬಣ್ಣ ಚೆನ್ನಾಗಿದೆ ಎಂದಿದ್ದ.

ಲೋಟ ತೊಳೆದು ತುಂಬಿಸಿ ಮಗಳ ಮುಂದೆ ಇಟ್ಟ. ಅವಳು ಎರಡೂ ಕೈಯಿಂದ ಅದನ್ನು ಹಿಡಿದು ಮೇಜಿನ ನಟ್ಟನಡುವಿಗೆ ಸರಿಸಿದಳು.

"ಅಲ್ಲಿ ಬೇಡ. ಅಂಚಿಗೆ ಇರ್ಲಿ. ನೀನು ಏನೋ ಮಾತಾಡ್ತಾ ಕೈ ಬೀಸ್ಬೇಕು, ಗೊತ್ತಿಲ್ದಂಗೆ ತಾಗ್ಬೇಕು."

"ಗೊತ್ತಿದ್ದೂ ಗೊತ್ತಿಲ್ದಂಗೆ. ಸರಿ. ಅಮ್ಮನ್ನ ಕರ್ಕೊಂಡ್ ಬರ್ಬೇಕಿತ್ತು ನೀನು."

"ಅಮ್ಮ ಚೆಲ್ತಾಳಾ?"

"ಮೇಜಿನ ಮೇಲೆ ಚೆಲ್ಲಲ್ಲ. ನಿನ್ನ ತಲೆ ಮೇಲೆ ಸುರೀತಾಳೆ."

ಅವನು ಮೊಬೈಲನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿ ಗುಂಡಿ ಒತ್ತಿದ. ಅವಳು ಒಂದು ಬೆರಳಿನಿಂದ ಲೋಟವನ್ನು ಬಾಗಿಸಿದಳು, ರೋಗಿಗೆ ಔಷಧ ಕುಡಿಸುವಷ್ಟು ಜೋಪಾನವಾಗಿ. ನೀರು ಒಂದು ಗೇಣು ಹೋಗುವುದರೊಳಗೆ ಅದರ ಮೇಲೆ ಬಟ್ಟೆ ಬಿತ್ತು. ಮತ್ತೊಮ್ಮೆ ಅಂದ. ಮತ್ತೆ ಲೋಟ ಉರುಳಿತು, ಮತ್ತೆ ಬಟ್ಟೆ. ಮೂರನೆಯ ಸಲ ಅವನು ನೀರನ್ನು ಬಿಟ್ಟು ಅವಳನ್ನೇ ನೋಡಿದ. ಬಲಗೈ ಲೋಟದ ಕಡೆ ಹೋಗುವಾಗಲೇ ಎಡಗೈ ಮೇಜಿನ ಕೆಳಗೆ ಒದ್ದೆ ಬಟ್ಟೆಯನ್ನು ಮುದ್ದೆಮಾಡಿ ಹಿಡಿದಿತ್ತು.

"ಬಟ್ಟೆ ಯಾಕೆ ಮರಿ?"

"ಯಾವ ಬಟ್ಟೆ?" ಎಂದು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅದು ಅಲ್ಲಿಗೆ ಬಂದದ್ದು ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಕ್ಕಳು. "ಅಭ್ಯಾಸ. ನಿನ್ನ ಸಮುದ್ರ ಒಣಗಿಸಿದ್ನಲ್ಲ, ಅವತ್ತಿಂದ."

"ನಾನು ನಿಂಗೆ ಹೊಡೀಲಿಲ್ಲ," ಎಂದ ಅವನು. ಮಾತು ತಾನಾಗಿ ಹೊರಬಿದ್ದಿತ್ತು, ಬಾಯಿ ಸಡಿಲವಾದ ಕೊಳಾಯಿಯಿಂದ ಬಿದ್ದ ಹಾಗೆ.

"ಹೊಡೀಲಿಲ್ಲ. ನೀನು ಯಾವತ್ತು ಹೊಡ್ದಿದೀಯ?" ಬಟ್ಟೆ ಹಿಂಡಲು ಎದ್ದವಳು ಅಲ್ಲಿಂದಲೇ ಹೇಳಿದಳು, ಬೆನ್ನು ಹಾಕಿಕೊಂಡು, ಬೇರೆ ಯಾರದೋ ಕಥೆಯೆಂಬಂತೆ. "ಹೊಡ್ದಿದ್ರೆ ಅತ್ತು ಓಡಿಹೋಗ್ತಿದ್ದೆ ಅನ್ಸುತ್ತೆ. ನೀನು ಒಂದೊಂದೇ ಕೀ ಕಿತ್ತು ಒರೆಸ್ತಿದ್ದೆ. ನಾನು ಬಟ್ಟೆ ಹಿಡ್ಕೊಂಡು ನಿಂತಿದ್ದೆ. ಕೇಳ್ತೀಯ, ಕೊಡಣ ಅಂತ."

"ಆಮೇಲೆ ಆಡೋಕೆ ಹೋದೆ."

"ಎಲ್ಲಿಗ್ ಹೋದೆ? ಅಮ್ಮ ಬಂದು ಲೈಟ್ ಹಾಕೋವರೆಗೂ ಅಲ್ಲೇ ಇದ್ದೆ."

ಅವನು ಲೆಕ್ಕ ಹಾಕಲು ನೋಡಿದ. ಲೋಟ ಉರುಳಿದಾಗ ಕಿಟಕಿಯ ಬಿಸಿಲು ಕೀಲಿಮಣೆಯ ಮೇಲೆ ಇತ್ತು, ಅದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಹೆಂಡತಿ ಬಂದು ದೀಪ ಹಾಕಿದ್ದೂ ನೆನಪಿತ್ತು. ಕತ್ತಲಲ್ಲಿ ಏನ್ ಮಾಡ್ತಿದೀರಿ ಇಬ್ಬರೂ, ಎಂದಿದ್ದಳು. ಇಬ್ಬರೂ, ಎಂದಿದ್ದಳು. ಎರಡರ ನಡುವೆ ಇದ್ದದ್ದು ಅವನ ಪಾಲಿಗೆ ಹತ್ತಿ, ಅಕ್ಷರಗಳು, ಒಂದು ಗಳಿಗೆ.

"ಹೋಗ್ಬೇಕಿತ್ತು ನೀನು. ಯಾಕೆ ಹೋಗ್ಲಿಲ್ಲ?"

"ಹೋಗು ಅಂತ ನೀನು ಹೇಳ್ತೀಯ ಅಂತ ಕಾಯ್ತಿದ್ದೆ." ಬಟ್ಟೆಯಿಂದ ನೀರು ಸಿಂಕಿಗೆ ಸುರಿಯಿತು. "ನೀನು ಮರ್ತೇಬಿಟ್ಟೆ ಅಂತ ಕಾಣುತ್ತೆ ನಾನಿರೋದು. ಕಾಲು ಮಾತ್ರ ಸಖತ್ ನೋಯ್ತಿತ್ತಪ್ಪ." ತಿರುಗಿದಾಗ ಅವಳ ಮುಖದಲ್ಲಿ ದೂರು ಏನೂ ಇರಲಿಲ್ಲ. ಆಗ ಈ ಮೇಜು ಅವಳ ಗದ್ದದ ಮಟ್ಟಕ್ಕೆ ಬರುತ್ತಿತ್ತು. "ಯಾಕ್ ಹಂಗ್ ನೋಡ್ತೀಯ? ಬಾ, ಇನ್ನೊಂದ್ಸಲ. ಈ ಸಲ ಬಟ್ಟೆ ಇಲ್ದೆ." ಅವಳು ಬಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ, ಕೈಗೆಟುಕದಷ್ಟು ದೂರ, ಒಣಹಾಕಿದಳು. ಒಣಹಾಕಿ ಒಮ್ಮೆ ತಿರುಗಿ ನೋಡಿದಳು, ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡುವವರ ಹಾಗೆ.

ಈ ಸಲ ನೀರು ಹೋಯಿತು. ಲೋಟದಿಂದ ಒಂದೇ ಗುಕ್ಕಿಗೆ ಹೊರಬಿದ್ದು, ಮೇಜಿನ ಮೇಲೆ ಅಗಲವಾಗಿ ಹಾಸಿ, ನಿಂತಿತು. ಅದರ ಅಂಚು ದುಂಡಗಿತ್ತು, ಉಗುರಿನ ತುದಿಯಂತೆ. ತುಂತುರು ಗಿಂತುರು ಏನೂ ಏಳಲಿಲ್ಲ. ಅಲ್ಲೊಂದು ಇಲ್ಲೊಂದು ದಪ್ಪ ಹನಿ ಸಿಡಿದು ಬಿದ್ದಲ್ಲೇ ಕೂತಿತು. ಆಮೇಲೆ ಮೇಜಿನ ಯಾವುದೋ ಕಾಣದ ಇಳಿಜಾರು ಹಿಡಿದು ಒಂದು ನಾಲಿಗೆ ಮುಂದೆ ಬಂತು, ಅಂಚಿನಲ್ಲಿ ತಡೆದು ಉಬ್ಬಿತು, ಬೀಳದೆ ತೂಗಿತು, ಮತ್ತು ಬಿತ್ತು. ಬಿದ್ದದ್ದನ್ನು ಅವನು ಕಾಣಲಿಲ್ಲ. ರೆಪ್ಪೆ ಬಡಿಯುವುದರೊಳಗೆ ನೆಲ ಒದ್ದೆಯಾಗಿತ್ತು.

"ಅಷ್ಟೇನಾ?" ಎಂದ.

"ಮತ್ತೆ? ಒಂದು ಲೋಟ ನೀರಲ್ಲಿ ಊರು ಮುಳುಗುತ್ತಾ?"

ಅವನು ಮೊಬೈಲನ್ನು ಕೈಗೆತ್ತಿಕೊಂಡು ಹಿಡಿದದ್ದನ್ನು ಮತ್ತೆ ಓಡಿಸಿ ನೋಡಿದ. ಬಿತ್ತು. ಮತ್ತೆ ನೋಡಿದ. ಬಿತ್ತು. ಮೇಜಿನಿಂದ ನೆಲಕ್ಕೆ ಎಷ್ಟು ಹತ್ತಿರ! ಅಷ್ಟು ಹತ್ತಿರದ ನೆಲಕ್ಕೆ ತನ್ನ ನೀರು ಯಾಕೆ ಅಷ್ಟು ಹೊತ್ತು ಬೀಳುತ್ತಿತ್ತು? ಎಂದು ಕೇಳಿಕೊಳ್ಳುವಾಗಲೇ ಉತ್ತರ ಅವನ ಒಳಗೆ ಎಲ್ಲೋ ಎದ್ದು ನಿಂತಿತ್ತು, ಬಾಗಿಲ ಬಳಿ ಬಹಳ ಹೊತ್ತಿನಿಂದ ನಿಂತಿದ್ದು ಈಗ ಕಣ್ಣಿಗೆ ಬಿದ್ದ ಹಾಗೆ. ಅವನು ಪ್ರತಿ ಹೊಸ ಶಾಟನ್ನೂ ತನ್ನ ಹಳೆಯ ಸಮುದ್ರದ ಫೈಲಿನಿಂದಲೇ ಶುರುಮಾಡುತ್ತಿದ್ದ, ನಿನ್ನೆಯ ಮೊಸರಿನಿಂದ ಇವತ್ತಿಗೆ ಹೆಪ್ಪು ಹಾಕುವಂತೆ. ಹಡಗುಗಳ ಲೆಕ್ಕ ಹಗುರವಾಗಲೆಂದು ಆ ಫೈಲಿನಲ್ಲಿ ವರ್ಷಗಳ ಹಿಂದೆ ಅವನೇ ಅಳತೆ ಬದಲಾಯಿಸಿದ್ದ: ಅಲ್ಲಿ ಒಂದು ಮೀಟರ್ ಎಂದರೆ ಹತ್ತು ಮೀಟರ್, ನೆಲದ ಸೆಳೆತ ಅದಕ್ಕೆ ತಕ್ಕಂತೆ ಹತ್ತರಲ್ಲೊಂದು. ಹಡಗಿಗೆ ಅದು ಸರಿ. ಈ ಮೇಜನ್ನು ತಂದು ಅದರೊಳಗೆ ಇಟ್ಟಾಗ ಮೇಜು ಎರಡಂತಸ್ತಿನ ಮನೆಯಾಗಿತ್ತು, ಲೋಟ ಬಾವಿಯಾಗಿತ್ತು. ಆ ಅಂಕಿ ದಿನಾ ಅವನ ಕಣ್ಣೆದುರೇ ಇತ್ತು. ತನ್ನ ಮನೆಯ ಬಾಗಿಲಿನ ಮೊಳೆಯನ್ನು ಯಾರು ನೋಡುತ್ತಾರೆ? ಮೊದಲಿಂದ ನೋಡಿದ್ರಾ, ಎಂದು ಮೇಲ್ವಿಚಾರಕಿ ಕೇಳಿದ್ದಳು.

"ಪುಟ್ಟಿ," ಎಂದ. ಅವನಿಗೆ ನಗು ಬರುತ್ತಿತ್ತು. "ನಾನು ಮಾಡಿರೋ ಲೋಟ ಎಷ್ಟು ದೊಡ್ಡದಿದೆ ಗೊತ್ತಾ? ಒಳಗೆ ಇಳಿದು ಈಜ್ಬಹುದು. ಎರಡು ವಾರದಿಂದ ನಾನು ಜಲಪಾತಕ್ಕೆ ಲೋಟದ ಬುದ್ಧಿ ಹೇಳ್ತಿದೀನಿ, ಕೇಳ್ತಾನೇ ಇಲ್ಲ ಅಂತ ಬೈತಿದೀನಿ!" ಮೊಬೈಲನ್ನು ಮೇಜಿನ ಮೇಲಿಟ್ಟು ಅಳತೆಯ ಕಥೆ ಹೇಳಿದ. ಹೇಳುತ್ತ ಹೇಳುತ್ತ ಇನ್ನೊಂದು ಸಲಕ್ಕೆಂದು ಲೋಟ ತುಂಬಿಸಿಟ್ಟ. ಅವಳಿಗೆ ಅರ್ಥವಾದದ್ದು ಎಷ್ಟೋ, ಈಜುವ ಲೋಟ ಮಾತ್ರ ಹಿಡಿಸಿಬಿಟ್ಟಿತು. ಬಾಗಿಲಿಗೆ ಬಂದವರ ದನಿ ತೆಗೆದು, "ಸ್ವಲ್ಪ ನೀರು ಕೊಡೀಮ್ಮಾ ಅಂದ್ರೆ ನೀನು ಏಣಿ ತಂದು ಹತ್ಬೇಕು, ಹಗ್ಗ ಬಿಟ್ಟು—" ಎನ್ನುತ್ತ ಹಗ್ಗ ಸೇದುವವಳಂತೆ ತೋಳನ್ನು ಪೂರ್ತಿ ಬೀಸಿದಳು. ಟವೆಲ್ ಬಿಚ್ಚಿಹೋಯಿತು, ಮೊಣಕೈ ಲೋಟಕ್ಕೆ ಹೊಡೆಯಿತು.

ನೀರು ಮೊಬೈಲಿನ ಮೇಲೆ ಬಿತ್ತು. ಪರದೆಯಲ್ಲಿ ಅದೇ ಮೇಜು, ಅದೇ ನೀರು, ಒಂದು ಕ್ಷಣ ಬಣ್ಣಬಣ್ಣವಾಗಿ ಮಿನುಗಿ ಕಪ್ಪಾಯಿತು. ಹಿಡಿದದ್ದೆಲ್ಲ ಅದರೊಳಗೇ ಇತ್ತು.

ಅವಳ ನಗು ನಿಂತಿತು, ಕೊಳಾಯಿ ತಿರುಗಿಸಿದ ಹಾಗೆ. ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು, ಪಾದಗಳನ್ನು ಜೋಡಿಸಿಕೊಂಡು. ಒದ್ದೆಗೂದಲು ಮುಖದ ಮೇಲಿತ್ತು, ಅದನ್ನು ಸರಿಸಿಕೊಳ್ಳಲಿಲ್ಲ. ಕಣ್ಣು ಕಿಟಕಿಯ ಕಟ್ಟೆಯ ಮೇಲಿನ ಬಟ್ಟೆಗೆ ಹೋಗಿ, ಅದು ದೂರವಿದೆಯೆಂದು ಕಂಡು, ಅವನ ಕೈಗೆ ಬಂತು. ಕೈ ಗಾಳಿಯಲ್ಲಿತ್ತು. ಮೊಬೈಲ್ ಎತ್ತಿಕೊಳ್ಳಲೆಂದು ಎದ್ದ ಕೈ ಅದು, ಆದರೆ ಅದು ಅಲ್ಲೇ ನಿಂತುಬಿಟ್ಟಿತ್ತು. ಅವನಿಗೆ ಬಹಳ ಹೊತ್ತು ಸಿಕ್ಕಿತು. ಅವನು ತಯಾರಿಸಿದ ನೀರಿನಲ್ಲಿ ಮಾತ್ರ ಇರುವಷ್ಟು ಹೊತ್ತು. ಈಗ ಮೊಬೈಲನ್ನು ಒರೆಸಬಹುದು, ಬಿಚ್ಚಬಹುದು, ಹತ್ತಿ ತರಬಹುದು, ಒಂದೂ ಮಾತಾಡದೆ ಒಳ್ಳೆಯವನಾಗಿ ಕೂತಿರಬಹುದು. ಬಿಸಿಲು ಮೇಜಿನ ಮೇಲಿತ್ತು. ನೀರಿನ ಒಂದು ನಾಲಿಗೆ ಅವನ ಕಡೆಯ ಅಂಚಿಗೆ ಬರುತ್ತಿತ್ತು. ಇಪ್ಪತ್ತು ವರ್ಷದ ಹುಡುಗಿ, ದಿನಾ ಯಾರ್ಯಾರದೋ ರಕ್ತ ಒರೆಸುವವಳು, ಕಾಯುತ್ತ ನಿಂತಿದ್ದಳು. ತಾನು ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ.

"ಹೋಗು," ಎಂದ ಅವನು. ಉರುಳಿದ ಲೋಟವನ್ನು ಎತ್ತಿ ಅವಳ ಕಡೆ ಚಾಚಿ ಮತ್ತೆ ಹೇಳಿದ: "ಹೋಗು, ಇನ್ನೊಂದು ಲೋಟ ತುಂಬಿಸ್ಕೊಂಡು ಬಾ."

"ಮೊಬೈಲು..."

"ಇರ್ಲಿ."

"ಬಟ್ಟೆ?"

"ಅದೂ ಇರ್ಲಿ ಅಲ್ಲೇ. ಹೋಗು ಮರಿ."

ಅವಳು ಕೊಂಚ ಹೊತ್ತು ಅಲ್ಲೇ ಇದ್ದಳು. ಆಮೇಲೆ ಬರಿಗಾಲು ಒದ್ದೆ ನೆಲದ ಮೇಲೆ ಚಪಚಪ ಸದ್ದು ಮಾಡುತ್ತ ಅಡುಗೆಮನೆಗೆ ಹೋಯಿತು. ಕೊಳಾಯಿ ತಿರುಗಿದ ಸದ್ದು, ಲೋಟ ತುಂಬುವಾಗ ಏರುತ್ತ ಹೋಗುವ ಸದ್ದು. ನೀರಿನ ನಾಲಿಗೆ ಮೇಜಿನ ಅಂಚಿನಲ್ಲಿ ಉಬ್ಬಿ, ತೂಗಿ, ಅವನ ಮೊಣಕಾಲಿನ ಮೇಲೆ ಬಿತ್ತು. ತಣ್ಣಗಿತ್ತು. ಅವನು ಕಾಲು ಸರಿಸಲಿಲ್ಲ. ಒಳಗಿನಿಂದ ಅವಳು ಏನೋ ಹೇಳಿ ತಾನೇ ನಕ್ಕದ್ದು ಕೇಳಿಸಿತು. ಕಂಠದವರೆಗೆ ತುಂಬಿದ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕೂದಲು ಹಿಂದಕ್ಕೆ ತಳ್ಳುತ್ತ, ದಾರಿಯುದ್ದಕ್ಕೂ ಚೆಲ್ಲಿಕೊಂಡು ಅವಳು ಬಂದಳು.